ಆರತಿ ತಟ್ಟೆ ಮೇಲೇಳಲಿಲ್ಲ

ಪರಮೇಶನಿಗೆ ಸಾಕ್ಷಿ ಇರಲಿಲ್ಲ.

ಹೆಚ್ಚಾದ ಹಬೆ ಹೊರಬಿಡುವ ಸೇಫ್ಟಿ ವಾಲ್ವ್ ಕೆಟ್ಟಿದೆ, ಬಾಯ್ಲರ್ ನಿಲ್ಲಿಸಿ ಎಂದು ವರ್ಕ್ಸ್ ಮ್ಯಾನೇಜರ್ ಅಮೋಲ್‌ಗೆ ಸೆಪ್ಟೆಂಬರ್ ಹನ್ನೊಂದರಂದೇ ಇ-ಮೇಲ್ ಕಳಿಸಿದ್ದೆ ಎನ್ನುತ್ತಿದ್ದ ಅವನು. ಅಂಥ ಪತ್ರ ಬಂದೇ ಇಲ್ಲ, ವಾಲ್ವಿಗೆ ತಂತಿ ಬಿಗಿದು ಬಾಯ್ಲರ್ ಓಡಿಸಿದವನೇ ಪರಮೇಶ ಎನ್ನುತ್ತಿದ್ದ ಅಮೋಲ್. ಇಪ್ಪತ್ತನಾಲ್ಕಕ್ಕೆ ಬಾಯ್ಲರ್ ಸಿಡಿಯಿತು. ಹೆಲ್ಪರ್ ಅಂಬಣ್ಣ ಹಬೆಯಲ್ಲಿ ಬೆಂದು ಸತ್ತ. ಇಂಜಿನಿಯರ್ ಪರಮೇಶ ಜಾಮೀನು ಸಿಗದ ಕೇಸಿನಲ್ಲಿ ಜೈಲಿಗೆ ಹೋದ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನಾಂಪಲ್ಲಿ ಕೋರ್ಟಿನಲ್ಲಿ ಬಿಡುಗಡೆ ಕೋರಿದ ಅವನ ಅರ್ಜಿಯ ವಿಚಾರಣೆ. ಪತ್ರ ಇದ್ದರೆ ತನ್ನಿ ಎಂದು ನ್ಯಾಯಾಧೀಶರು ಹೇಳಿದ್ದರು. ಹುಡುಕಲು ಒಂದೇ ಒಂದು ದಿನದ ಅನುಮತಿ ಕೊಟ್ಟಿದ್ದರು.

ಆ ದಿನದ ಅರ್ಧ ಆಗಲೇ ಮುಗಿದಿತ್ತು. ಸನತ್‌ನಗರದ ಆ ಗುಳಿಗೆ ಕಾರ್ಖಾನೆಯ ಸರ್ವರ್ ಕೋಣೆಯಲ್ಲಿ, ಟೇಪ್ ಡ್ರೈವಿನ ಮುಂದೆ, ಪರಮೇಶನ ಕಡೆಯಿಂದ ಹುಡುಕಲು ಬಂದ ಸುಮಂಗಲಾ ಕುಳಿತಿದ್ದಳು.

ಸರ್ವರಿನ ಡಿಸ್ಕಿನಲ್ಲಿ ಆ ಪತ್ರ ಇಲ್ಲವೆಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಕಳಿಸಿದವನ ಪ್ರತಿಯೂ ಇಲ್ಲ, ಪಡೆದವನ ಪ್ರತಿಯೂ ಇಲ್ಲ. ಸ್ಫೋಟದ ಮರುದಿನ ಯಾರೋ ಎರಡನ್ನೂ ಅಳಿಸಿದ್ದರು. ಆದರೆ ಪ್ರತಿ ಶನಿವಾರ ಇಡೀ ಡಿಸ್ಕನ್ನು ಟೇಪಿಗೆ ಇಳಿಸುವ ಪದ್ಧತಿ ಇತ್ತು. ಸೆಪ್ಟೆಂಬರ್ ಹದಿಮೂರರ ಟೇಪಿನಲ್ಲೋ ಇಪ್ಪತ್ತರ ಟೇಪಿನಲ್ಲೋ ಆ ಪತ್ರ ಇರಲೇಬೇಕು. ಅಷ್ಟು ಸಾಕಿತ್ತು.

ಹದಿಮೂರರ ಟೇಪು ಹಾಕಿದಳು. ಡ್ರೈವು ಗಿರ್ರೆಂದಿತು, ನಿಂತಿತು, ಮತ್ತೆ ಗಿರ್ರೆಂದಿತು. ಟೇಪಿನಲ್ಲಿ ಏನೂ ಇಲ್ಲ ಎಂದು ಪರದೆ ಹೇಳಿತು.

ಇಪ್ಪತ್ತರದ್ದು ಹಾಕಿದಳು. ಏನೂ ಇಲ್ಲ.

ಇಪ್ಪತ್ತೇಳು, ಏನೂ ಇಲ್ಲ. ಹಿಂದಕ್ಕೆ ಹೋದಳು. ಸೆಪ್ಟೆಂಬರ್ ಆರು. ಆಗಸ್ಟ್ ಮೂವತ್ತು, ಇಪ್ಪತ್ಮೂರು, ಹದಿನಾರು. ಏಳು ಶನಿವಾರಗಳ ಏಳು ಟೇಪು. ಒಂದರಲ್ಲೂ ಒಂದಕ್ಷರ ಇರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಜಯತೀರ್ಥರು ಕುರ್ಚಿ ಎಳೆದುಕೊಂಡು ಕುಳಿತರು. ಐವತ್ತೇಳರ ಮನುಷ್ಯ. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಟೇಪುಗಳ ನಡುವೆ ಬದುಕಿ, ಸ್ವಯಂ ನಿವೃತ್ತಿ ಪಡೆದು ಇಲ್ಲಿ ಸಿಸ್ಟಮ್ಸ್ ವಿಭಾಗದ ಮುಖ್ಯಸ್ಥರಾಗಿದ್ದವರು. ಡ್ರೈವ್ ಕೆಟ್ಟಿರಬೇಕು ಎಂದು ಅವರು ಮೂರು ಸಲ ಹೇಳಿದರು. ಮೂರನೆಯ ಸಲ ಅವರ ದನಿಯೇ ಅದನ್ನು ನಂಬಲಿಲ್ಲ.

ಸುಮಂಗಲಾ ಎಂಟನೆಯ ಟೇಪು ಹಾಕಿದಳು. ಮೊನ್ನೆ ಅಕ್ಟೋಬರ್ ಹನ್ನೊಂದರದ್ದು. ಪತ್ರಗಳು ಸಾಲುಸಾಲಾಗಿ ಪರದೆಯ ಮೇಲೆ ಇಳಿದವು. ಡ್ರೈವಿಗೆ ಏನೂ ಆಗಿರಲಿಲ್ಲ.

ಅಂದರೆ ಸೆಪ್ಟೆಂಬರ್ ಇಪ್ಪತ್ತೇಳಕ್ಕೂ ಅಕ್ಟೋಬರ್ ಹನ್ನೊಂದಕ್ಕೂ ನಡುವೆ ಏನೋ ಆಗಿತ್ತು. ನಡುವಿನ ಶನಿವಾರ ಅಕ್ಟೋಬರ್ ನಾಲ್ಕು. ಆ ದಿನದ ಟೇಪೇ ಇರಲಿಲ್ಲ. ಅಂದು ಆಯುಧಪೂಜೆ, ಕೆಲಸಕ್ಕೆ ರಜೆ ಎಂದರು ಜಯತೀರ್ಥರು.

ಎರಡು ವರ್ಷದ ಹಿಂದಿನವರೆಗೆ ಸುಮಂಗಲಾ ಹೈಟೆಕ್ ಸಿಟಿಯ ಕಂಪನಿಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದಳು. ಅಮೆರಿಕದ ಗಿರಾಕಿಗಳು ಕೈಬಿಟ್ಟ ವರ್ಷ ಕೆಲಸ ಹೋಯಿತು. ಈಗ ಅಬಿಡ್ಸ್‌ನ ಹಳೆ ಪುಸ್ತಕದ ಅಂಗಡಿಯ ಮೇಲೆ ಎರಡು ಕೋಣೆ, ಪತ್ತೇದಾರಿ ಕಚೇರಿ ಎಂಬ ಒಂದು ಬೋರ್ಡು, ಜೊತೆಗೆ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಭೀಮಾಶಂಕರ ಕಾಕಾ. ಅವಳಿಗೆ ಯಂತ್ರ ಗೊತ್ತು, ಅವರಿಗೆ ಮನುಷ್ಯರು ಗೊತ್ತು. ಪರಮೇಶನ ಹೆಂಡತಿ ಉಮಾಶ್ರೀ ಮೆಟ್ಟಿಲು ಹತ್ತಿ ಬಂದ ದಿನ, ಇದು ಟೇಪಿನ ಕೆಲಸ, ನಿನ್ನದೇ ಎಂದು ಕಾಕಾ ನಕ್ಕಿದ್ದರು.

ಅವಳು ಎದ್ದು ಕಿಟಕಿಯ ಬಳಿ ಹೋಗಿ ಹದಿಮೂರರ ಟೇಪಿನ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಪ್ಲಾಸ್ಟಿಕ್ ಡಬ್ಬಿಯ ಅಂಚಿನ ಸಂದಿಯಲ್ಲಿ ಕುಂಕುಮ. ಒಂದು ಒಣ ಚೆಂಡುಹೂವಿನ ಎಸಳು. ಪೂಜೆಗೆ ಇಟ್ಟಿದ್ದಾರೆ, ಅದರಲ್ಲೇನೂ ವಿಶೇಷವಿಲ್ಲ. ಈ ಊರಿನಲ್ಲಿ ಕ್ಯಾಲ್ಕುಲೇಟರಿಗೂ ಕುಂಕುಮ ಹಚ್ಚುತ್ತಾರೆ.

ಆಮೇಲೆ ಡಬ್ಬಿಯ ತಳ ನೋಡಿದಳು. ಬೂದು ಬಣ್ಣದ ನುಣ್ಣನೆಯ ಪುಡಿ. ಬೆರಳಿಗೆ ತಾಗಿಸಿ ಉಜ್ಜಿದರೆ ಕಬ್ಬಿಣದ ವಾಸನೆ. ಉಳಿದ ಆರು ಡಬ್ಬಿಗಳ ತಳದಲ್ಲೂ ಅದೇ ಪುಡಿ.

ಶನಿವಾರದ ಟೇಪುಗಳು ಇರಬೇಕಾದದ್ದು ಜಯತೀರ್ಥರ ಮನೆಯ ಗೋಡೆ ಅಲಮಾರಿಯಲ್ಲಿ. ಅಲ್ಲಿಗೆ ಕಬ್ಬಿಣದ ಪುಡಿ ಎಲ್ಲಿಂದ ಬರಬೇಕು?

ಟೇಪುಗಳು ಸುತ್ತುವ ಹೊತ್ತಿನಲ್ಲಿ ಅವಳು ಅವರ ಫೈಲು ಓದಿ ಮುಗಿಸಿದ್ದಳು. ಪತ್ರ ಕಾಪಿಡುವ ಅಂಥ ಯೋಜನೆಯನ್ನು ಅವಳು ದೊಡ್ಡ ಕಂಪನಿಗಳಲ್ಲೂ ಕಂಡಿರಲಿಲ್ಲ. ನೂರಾ ನಲವತ್ತು ಮಂದಿ, ತಲೆಗೆ ಇಷ್ಟು ಜಾಗ, ವರ್ಷಕ್ಕೆ ಇಷ್ಟು ಬೆಳವಣಿಗೆ, ಒಂದು ಡಿಸ್ಕ್ ಸತ್ತರೆ ಇನ್ನೊಂದು ಹೆಗಲು ಕೊಡಬೇಕು. ಎಲ್ಲವನ್ನೂ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದರು. ವಾರವಾರ ಅಳಿಸಿ ಮತ್ತೆ ಬರೆಯುವ ವಾರದ ದಿನಗಳ ಟೇಪು ಕಾರ್ಖಾನೆಯಲ್ಲಿ, ಶನಿವಾರದ ಟೇಪು ಮನೆಯಲ್ಲಿ. ಈ ಎರಡೂ ಗುಂಪು ಯಾವ ಕಾರಣಕ್ಕೂ ಒಂದೇ ಸೂರಿನಡಿ ಇರಕೂಡದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಆರು ಡಿಸ್ಕ್ ಕೇಳಿದ್ದರು, ಅಮೋಲ್ ಮೂರಕ್ಕೆ ಸಹಿ ಹಾಕಿದ್ದ. ಅಳಿಸಿದ ಪತ್ರವನ್ನು ಸರ್ವರು ಮೂವತ್ತು ದಿನ ಹಿಡಿದಿಡಬೇಕಿತ್ತು. ಜಾಗ ಸಾಲದೆ ಅದನ್ನು ಸೊನ್ನೆ ಮಾಡಿದ್ದರು. ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ: ಮೂರು ತಿಂಗಳಿಗೊಮ್ಮೆ ಟೇಪಿನಿಂದ ಪತ್ರ ಮರಳಿ ಇಳಿಸಿ ನೋಡಬೇಕು, ತಾರೀಖು, ಸಹಿ. ಪಟ್ಟಿ ಪೂರ್ತಿ ಖಾಲಿ ಇತ್ತು. ಇಳಿಸಿ ನೋಡಲು ಬೇರೆ ಡಿಸ್ಕೇ ಇರಲಿಲ್ಲ. ಈ ಕೆಲಸಕ್ಕಾಗಿ ಸುಮಂಗಲಾ ತನ್ನದೇ ಕಂಪ್ಯೂಟರನ್ನು ಅಬಿಡ್ಸ್‌ನಿಂದ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು.

ಮೂರು ವರ್ಷ ಟೇಪಿಗೆ ಬರೆದಿದ್ದರು. ಒಂದು ಸಲವೂ ಓದಿ ನೋಡಿರಲಿಲ್ಲ.

ಸಾಬಮ್ಮ ನೆಲ ಒರೆಸಲು ಬಂದಳು. ಯಾದಗಿರಿ ಕಡೆಯವಳು, ಸತ್ತ ಅಂಬಣ್ಣನ ಅಕ್ಕ. ಬಾಯ್ಲರ್ ಮನೆಯ ಗೋಡೆಗೆ ಮೆತ್ತಿದ್ದ ಮಸಿಯನ್ನು ಅವಳಿಂದಲೇ ತೊಳೆಸಿದ್ದರು ಎಂದು ಉಮಾಶ್ರೀ ಹೇಳಿದ್ದಳು. ಈ ಡಬ್ಬಿಗಳನ್ನು ಪೂಜೆಗೆ ಎಲ್ಲಿಟ್ಟಿದ್ದರು ಎಂದು ಸುಮಂಗಲಾ ಕೇಳಿದಳು. ಸಾಬಮ್ಮ ಮೊದಲು ಜಯತೀರ್ಥರ ಕಡೆ ನೋಡಿದಳು. ಅವರು ತಲೆ ತಗ್ಗಿಸಿಯೇ ಇದ್ದರು. ಆಗ ಬಕೀಟು ಕೆಳಗಿಟ್ಟಳು.

“ನಾ ಸೂತಕದಾಕಿ ಅಂತ ಒಳಗ ಬಿಡ್ಲಿಲ್ರಿ ಅಕ್ಕಾರ. ಬಾಗಿಲದಾಗ ನಿಂತು ನೋಡೀನಿ. ಟೂಲ್ ರೂಮಿನ್ಯಾಗ ಆ ಮಿಂಚೋ ಮೇಜಿನ ಮ್ಯಾಲ ಸಾಲಾಗಿ ಇಟ್ಟಿದ್ರು. ಕರ್ಪೂರ ಹಚ್ಚಿದ್ರು, ಅಮೋಲ್ ಸಾಹೇಬ್ರು ಬಟನ್ ಒತ್ತಿದ್ರು. ಆಮ್ಯಾಲ ಸ್ಟೀಲಿನ ಆರತಿ ತಟ್ಟಿ ಎತ್ತಾಕ ಹೋದ್ರ ಮ್ಯಾಲ ಏಳ್ಲೇ ಇಲ್ರಿ.”

“ಏಳಲಿಲ್ಲ ಅಂದ್ರ?”

“ಹಿಡಕೊಂಡು ಬಿಟ್ಟಿತ್ರಿ. ದೇವಿ ಒಪ್ಪಿಕೊಂಡಾಳ ಅಂತ ಎಲ್ಲಾರೂ ಕೈ ಮುಗದ್ರು. ನಮ್ಮ ತಮ್ಮ ಸತ್ತು ಹತ್ತು ದಿನಾ ಆಗಿತ್ತು. ನನಗ ಕೈ ಏಳ್ಲಿಲ್ಲ.”

ಸುಮಂಗಲಾ ಡಬ್ಬಿ ಕೆಳಗಿಟ್ಟು ಟೂಲ್ ರೂಮಿಗೆ ಹೊರಟಳು.

ಟೂಲ್ ರೂಮ್ ಹಿತ್ತಿಲ ಕಡೆ ಇತ್ತು. ಗುಳಿಗೆ ಒತ್ತುವ ಉಕ್ಕಿನ ಅಚ್ಚುಗಳು ಸವೆದಾಗ ಅಲ್ಲಿ ಸಾಣೆ ಹಿಡಿಯುತ್ತಾರೆ. ಸಾಣೆಯ ಯಂತ್ರದ ಕೆಳಗೆ ಕನ್ನಡಿಯಂತೆ ಹೊಳೆಯುವ ಉಕ್ಕಿನ ಮೇಜು, ಅಂಗೈ ಅಗಲ, ಮೊಳದುದ್ದ. ಪಕ್ಕದಲ್ಲಿ ಎರಡು ಬಟನ್. ಒಂದು ಕಲ್ಲು ತಿರುಗಿಸುವುದಕ್ಕೆ. ಇನ್ನೊಂದಕ್ಕೆ ಹೆಸರಿರಲಿಲ್ಲ.

ಜಯತೀರ್ಥರು ಅವಳ ಹಿಂದೆಯೇ ಬಂದಿದ್ದರು. ಸುಮಂಗಲಾ ತನ್ನ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಹೆಸರಿಲ್ಲದ ಬಟನ್ ಒತ್ತಿದಳು. ಸದ್ದೇನೂ ಆಗಲಿಲ್ಲ. ಎತ್ತಿಕೊಳ್ಳಿ ಎಂದಳು.

ಅವರು ಎರಡು ಬೆರಳಲ್ಲಿ ಹಿಡಿದರು. ಬರಲಿಲ್ಲ. ಇಡೀ ಕೈಯಲ್ಲಿ ಹಿಡಿದು ಎಳೆದರು. ಬರಲಿಲ್ಲ.

ಮುದುಕರ ಮುಖದ ಬಣ್ಣ ಇಳಿಯುವುದನ್ನು ಅವಳು ನೋಡಿದಳು. ಹಣೆಯಿಂದ ಶುರುವಾಗಿ ತುಟಿಯವರೆಗೆ. ಮೂವತ್ತು ವರ್ಷ ಟೇಪಿನ ಹತ್ತಿರ ರೇಡಿಯೋ ಕೂಡ ಇಡಗೊಡದ ಮನುಷ್ಯ. ಟೇಪಿನ ಮೇಲಿನ ಬರಹ ಎಂದರೆ ಅಯಸ್ಕಾಂತದ ಗೆರೆ, ಇನ್ನೊಂದು ಅಯಸ್ಕಾಂತ ಸೋಕಿದರೆ ಸಾಕು ಹಾಳಾಗುತ್ತದೆ ಎಂದು ಹೊಸಬರಿಗೆಲ್ಲ ಪಾಠ ಹೇಳಿದ ಮನುಷ್ಯ.

“ಸಾಣಿ ಹಿಡಿಯೋ ಮುಂದ ಅಚ್ಚು ಅಲುಗಾಡಬಾರದು ಅಂತ ಮ್ಯಾಗ್ನೆಟ್ ಇಡ್ತಾರ್ರೀ,” ಎಂದಳು ಸುಮಂಗಲಾ. “ನಿಮ್ಮ ಟೇಪ್ ಇದರ ಮ್ಯಾಲ ಎಷ್ಟೊತ್ತು ಇದ್ವು?”

“ಕರ್ಪೂರ ಆರೋತನಾ,” ಎಂದರು ಅವರು. “ಆಮ್ಯಾಲ ಪ್ರಸಾದ ಹಂಚೋತನಾ. ತಾಸು ಆಗಿರಬೇಕು.”

“ಎರಡೂ ಗುಂಪು ಒಂದೇ ಸೂರಿನ ಕೆಳಗ ಇರಬಾರದು ಅಂತ ನೀವೇ ಬರದೀರಿ. ಎರಡು ಗೆರೆ ಎಳದೀರಿ.”

“ಬರದೇನವಾ. ಮುನ್ನೂರಾ ಅರವತ್ನಾಕು ದಿನ ಹಂಗಽ ನಡದೇನಿ. ಪೂಜಾದ ದಿನ ಅದು ಯಾವ ರೂಲಿನಾಗ ಬರ್ತದ?” ಅವರು ಗೊಂಚಲಿನಿಂದ ಕೈ ತೆಗೆದರು. “ಬಡಗಿ ಉಳಿ ಇಡ್ತಾನ, ಡ್ರೈವರ್ ಲಾರಿ ತೊಳದು ತರ್ತಾನ. ನನ್ನ ಆಯುಧ ಇವಽ ಅಲ್ಲೇನು? ಅರ್ಧಾ ಮನ್ಯಾಗ ಬಿಟ್ಟು ಅರ್ಧಕ್ಕ ಹ್ಯಾಂಗ ಪೂಜಾ ಮಾಡ್ಲಿ?”

ಸುಮಂಗಲಾಗೆ ಬೈಯಬೇಕೆನಿಸಿತು, ಬೈಯಲಾಗಲಿಲ್ಲ. ಅವಳ ಅಪ್ಪನೂ ಆ ದಿನ ತನ್ನ ಸ್ಕೂಟರಿನ ದಾಖಲೆ, ಅವಳ ಡಿಗ್ರಿ ಸರ್ಟಿಫಿಕೇಟು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವನ್ನೂ ಒಂದೇ ಮಣೆಯ ಮೇಲೆ ಎಣ್ಣೆ ದೀಪದ ಪಕ್ಕ ಇಡುತ್ತಿದ್ದ. ಪ್ರತಿ ವರ್ಷ ನೀವು ಟೂಲ್ ರೂಮಿನಲ್ಲೇ ಇಡುತ್ತೀರಾ ಎಂದು ಮಾತ್ರ ಕೇಳಿದಳು.

ಇಲ್ಲವಂತೆ. ಇಷ್ಟು ವರ್ಷ ಆಯಾ ವಿಭಾಗದ ಪೂಜೆ ಆಯಾ ವಿಭಾಗದಲ್ಲೇ ನಡೆಯುತ್ತಿತ್ತು. ಟೇಪುಗಳಿಗೆ ಸರ್ವರ್ ಕೋಣೆಯ ಮರದ ಮೇಜು. ಈ ಸಲ ಹಿಂದಿನ ದಿನ ಅಮೋಲ್ ತಾನೇ ಅವರ ಕೋಣೆಗೆ ಬಂದ. ಕಾರ್ಖಾನೆಯಲ್ಲಿ ಸಾವಾಗಿದೆ, ಬಿಡಿಬಿಡಿ ಪೂಜೆ ಬೇಡ, ಎಲ್ಲರ ಆಯುಧ ಒಂದೇ ಕಡೆ ಇಟ್ಟು ದೊಡ್ಡದಾಗಿ ಮಾಡೋಣ ಎಂದ. ಮನೆಯ ಟೇಪನ್ನೂ ಮರೆಯದೆ ತನ್ನಿ ಎಂದ. ಅದು ಅವರಿಗೆ ಭಕ್ತಿಯಂತೆ ಕಂಡಿತು.

ಟೂಲ್ ರೂಮಿನವರಿಗೆ ಈ ಮೇಜಿನ ವಿಷಯ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಲ್ಲಿರುವವರು ಇಬ್ಬರು. ಇಬ್ಬರಿಗೂ ಅಮೋಲ್ ಹಬ್ಬಕ್ಕೆ ಎರಡು ದಿನ ಮೊದಲೇ ರಜೆ ಕೊಟ್ಟು ಊರಿಗೆ ಕಳಿಸಿದ್ದ.

“ಅಮೋಲ್‌ಗ ಗೊತ್ತಿತ್ತೇನ್ರೀ?”

ಜಯತೀರ್ಥರು ಮೇಜಿಗೆ ಅಂಟಿಕೊಂಡಿದ್ದ ಗೊಂಚಲನ್ನೇ ನೋಡುತ್ತಿದ್ದರು. “ಅವ ಕೆಲಸಕ್ಕ ಸೇರಿದ್ದಽ ಈ ಟೂಲ್ ರೂಮಿಗೆ. ಎಂಟು ವರ್ಷ ಈ ಯಂತ್ರದ ಮ್ಯಾಲನಽ ದುಡದಾನ.”

ಪತ್ರ ಅಳಿಸಿದ್ದು ಗುಟ್ಟಾಗಿ ಇರಬಹುದು. ಟೇಪು ಅಳಿಸುವ ಕೆಲಸವನ್ನು ಮಾತ್ರ ಅಮೋಲ್ ಎಲ್ಲರೆದುರು, ಮಂತ್ರ ಹೇಳಿಸಿ, ಅರವತ್ತು ಮಂದಿಯ ಕೈ ಮುಗಿಸಿ ಮಾಡಿದ್ದ. ಅದನ್ನು ಮಾಡಲು ಟೇಪು ತಂದುಕೊಟ್ಟವರು ಜಯತೀರ್ಥರೇ.

ಆದರೆ ಇದನ್ನು ಕೋರ್ಟಿನಲ್ಲಿ ಹೇಳುವುದು ಹೇಗೆ? ಪೂಜೆ ಮಾಡಿದ್ದು ಅಪರಾಧವೇ? ತಪ್ಪಿ ಬಟನ್ ಒತ್ತಿದೆ ಎಂದರೆ ಮುಗಿಯಿತು. ನಾಳೆ ಹನ್ನೊಂದಕ್ಕೆ ಪತ್ರ ಬೇಕು. ಪತ್ರ ಇಲ್ಲ. ಪರಮೇಶ ಒಳಗೇ ಇರುತ್ತಾನೆ.

ಅವಳು ಬಟನ್ ಆರಿಸಿ ಗೊಂಚಲನ್ನು ಚೀಲಕ್ಕೆ ಹಾಕಿಕೊಂಡಳು. ಇಪ್ಪತ್ತು ದಿನದಿಂದ ಒಬ್ಬ ಮನುಷ್ಯ ಕಂಬಿ ಎಣಿಸುತ್ತಿದ್ದಾನೆ, ನಿಮಗೆ ಇನ್ನೇನಾದರೂ ಗೊತ್ತಿದ್ದರೆ ಈಗ ಹೇಳಿ, ನಾಳೆ ಮಧ್ಯಾಹ್ನ ಹೇಳಿದರೆ ಅದನ್ನು ಕೇಳುವವರು ಇರುವುದಿಲ್ಲ ಎಂದಳು. ದನಿ ಏರಿಸಲಿಲ್ಲ.

ಜಯತೀರ್ಥರು ಬಾಗಿಲ ಕಡೆ ನೋಡಿದರು. ಸಾಬಮ್ಮ ಹೊಸ್ತಿಲಾಚೆ ನಿಂತಿದ್ದಳು. ಪೂಜೆಯ ದಿನ ನಿಂತಿದ್ದ ಜಾಗವೇ ಇರಬೇಕು. ಅವಳು ಅವರನ್ನೇ ನೋಡುತ್ತಿದ್ದಳು. ಅವರಿಗೆ ಆ ನೋಟ ತಡೆಯಲಾಗಲಿಲ್ಲ.

“ಇನ್ನೊಂದು ಅದವಾ,” ಎಂದರು.

ಸ್ಫೋಟ ಆದ ಸಂಜೆ ಅವರು ಮನೆಯಿಂದ ಇಪ್ಪತ್ತನೇ ತಾರೀಖಿನ ಟೇಪು ತಂದು ಅದರದೊಂದು ನಕಲು ಮಾಡಿದ್ದರು. ಯಾಕೆಂದು ಅವರಿಗೇ ಸರಿಯಾಗಿ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಹೆಣ ಬಿದ್ದಾಗ ಕಾಗದಪತ್ರ ಕಳೆದುಹೋಗುತ್ತವೆ ಎಂಬುದನ್ನು ಸರ್ಕಾರಿ ಕಚೇರಿಯಲ್ಲಿ ಕಲಿತಿದ್ದರು. ಆ ನಕಲು ಯಾವ ರಿಜಿಸ್ಟರಿನಲ್ಲೂ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಪೂಜೆಗೆ ತರುವುದು ಹೇಗೆ? ಹಾಗಾಗಿ ಅದು ಮನೆಯಲ್ಲೇ ಉಳಿದಿತ್ತು.

ಇಷ್ಟು ದಿನ ಬಾಯಿ ಬಿಡದ್ದಕ್ಕೆ ಕಾರಣವನ್ನೂ ಅವರೇ ಹೇಳಿದರು. ಕಂಪನಿಯ ಪತ್ರಗಳನ್ನು ಅನುಮತಿ ಇಲ್ಲದೆ ನಕಲು ಮಾಡಿ ಮನೆಗೆ ಒಯ್ದರೆ ಕೆಲಸ ಹೋಗುತ್ತದೆ, ಕೇಸೂ ಬೀಳಬಹುದು. ಹೇಗಿದ್ದರೂ ಅಸಲಿ ಟೇಪುಗಳು ಇವೆಯಲ್ಲ, ಕೋರ್ಟು ಕೇಳಿದಾಗ ಅವನ್ನೇ ಕೊಟ್ಟರಾಯಿತು ಎಂದುಕೊಂಡಿದ್ದರು. ಅದರಲ್ಲಿ ಆ ಪತ್ರ ಇದೆಯೇ ಎಂದು ಕೇಳಿದಳು. ಇದೆ ಎಂದು ತಲೆಯಾಡಿಸಿದರು. ಅದೊಂದರಿಂದ ಮಾತ್ರ ಅವರು ಪರಮೇಶನ ಪತ್ರಗಳಷ್ಟನ್ನು ತಮ್ಮ ಮೇಜಿನ ಕಂಪ್ಯೂಟರಿಗೆ ಇಳಿಸಿ ಓದಿದ್ದರು. ಪರಮೇಶನ ಪತ್ರ ಇದೆ. ಕೆಳಗೆ ಅಮೋಲ್‌ನ ಉತ್ತರವೂ ಇದೆ: ರವಾನೆ ಮುಗಿಯುವವರೆಗೆ ಬಾಯ್ಲರ್ ನಿಲ್ಲಕೂಡದು, ವಾಲ್ವಿಗೆ ತಂತಿ ಕಟ್ಟಿ ಓಡಿಸಿ.

ಸುಮಂಗಲಾ ಚೀಲದಿಂದ ಮೊಬೈಲು ಹೊರತೆಗೆದಳು.

ಅವಳು ಅಲ್ಲಿಂದಲೇ ಭೀಮಾಶಂಕರ ಕಾಕಾಗೆ ಫೋನ್ ಮಾಡಿದಳು. ಅವರು ನಾಂಪಲ್ಲಿಯಲ್ಲಿ ವಕೀಲರ ಕೋಣೆಯಲ್ಲಿದ್ದರು. ಜಯತೀರ್ಥರ ಮನೆ ಎಕ್ಸಿಬಿಷನ್ ಮೈದಾನದ ಹಿಂದೆ, ಅಲ್ಲಿಂದ ಐದು ನಿಮಿಷ. ಟೇಪು ಮುಟ್ಟಬೇಡಿ, ನಾನು ಬರುವವರೆಗೆ ಬಾಗಿಲಲ್ಲಿ ಕುಳಿತಿರಿ, ಯಾರನ್ನೂ ಒಳಗೆ ಬಿಡಬೇಡಿ ಎಂದಳು.

“ಫಿಕರ್ ಮಾಡಬ್ಯಾಡ ಯವ್ವಾ,” ಎಂದರು ಕಾಕಾ. “ನಾ ಕುಂತೆ ಅಂದ್ರ ನೊಣಾನೂ ಒಳಗ ಹೋಗಾಂಗಿಲ್ಲ.”

ಜಯತೀರ್ಥರು ಹೆಂಡತಿಗೂ ಫೋನ್ ಮಾಡಿ, ಭೀಮಾಶಂಕರ ಎಂಬ ಹಿರಿಯರು ಬರುತ್ತಾರೆ, ನಮ್ಮವರೇ, ಕೂರಿಸು ಎಂದು ಹೇಳಿದರು. ಅಮೋಲ್ ಎಲ್ಲಿ ಎಂದು ಸುಮಂಗಲಾ ಗೇಟಿನಲ್ಲಿ ವಿಚಾರಿಸಿದಳು. ಸಾಹೇಬರು ಸೋಮವಾರದಿಂದ ಪುಣೆಯಲ್ಲಿದ್ದಾರೆ ಎಂದ ಕಾವಲಿನವನು.

ಆಟೋ ಸಿಕ್ಕಿತು, ದಾರಿ ಸಿಗಲಿಲ್ಲ. ಊರ ತುಂಬ ಫ್ಲೈಓವರ್ ಏಳುತ್ತಿದ್ದ ವರ್ಷ ಅದು. ಕಬ್ಬಿಣದ ಸರಳು, ಜಲ್ಲಿಯ ಗುಡ್ಡೆ, ಕಲಬುರಗಿ ಕಡೆಯ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ದಾಟುವವರೆಗೆ ನಿಂತ ಬಸ್ಸುಗಳು. ಜಯತೀರ್ಥರು ಆಟೋದ ಕಂಬಿ ಹಿಡಿದು ಬಾಯಲ್ಲಿ ಏನೋ ಜಪಿಸುತ್ತಿದ್ದರು. ತಲುಪಲು ಒಂದು ಗಂಟೆ ಬೇಕಾಯಿತು.

ಬಾಗಿಲಲ್ಲಿ ಯಾರೂ ಕುಳಿತಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಜಯತೀರ್ಥರ ಹೆಂಡತಿ ಶಾಮಲಾಬಾಯಿ ನಡುಮನೆಯಲ್ಲಿ ಎರಡು ಚಹಾ ಕಪ್ಪುಗಳನ್ನು ಎತ್ತುತ್ತಿದ್ದರು. ಗಂಡನನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು.

“ನೀವ್ಯಾಕ ಬಂದ್ರಿ? ಅವರು ಆಗಲೇ ಒಯ್ದರಲ್ಲ.”

“ಯಾರು ಒಯ್ದರು?”

“ಅವರಽ, ಭೀಮಾಶಂಕರ. ಸುಮಂಗಲಾ ಹೇಳಿ ಕಳಿಸ್ಯಾಳ, ಟೇಪ್ ಕೊಡ್ರಿ ಅಂದ್ರು. ನಮ್ಮವರು ಅಂತ ನೀವಽ ಫೋನಿನಾಗ ಹೇಳಿದ್ರಿ. ದೇವರ ಮನಿ ಅಲಮಾರದಾಗಿಂದ ತಗದು ಕೊಟ್ಟೆ.” ಅವರು ಸುಮಂಗಲಾಳ ಮುಖ ನೋಡಿದರು. “ನೀವು ಕಳಿಸಿದ್ದಲ್ಲೇನು?”

ಸುಮಂಗಲಾ ಚೀಲದಿಂದ ಮೊಬೈಲು ತೆಗೆದು ಕಾಕಾನ ನಂಬರು ಒತ್ತಿದಳು. ಫೋನ್ ಸ್ವಿಚ್ ಆಫ್ ಆಗಿದೆ ಎಂದು ಹೆಣ್ಣುದನಿಯೊಂದು ತೆಲುಗಿನಲ್ಲಿ ಹೇಳಿತು. ಮತ್ತೆ ಒತ್ತಿದಳು. ಅದೇ ದನಿ.

ಅವಳ ಕಣ್ಣು ಮತ್ತೆ ಆ ಕಪ್ಪುಗಳ ಮೇಲೆ ಬಿತ್ತು. ಎರಡು. ಎರಡನೆಯದು ಯಾರದು ಎಂದು ಕೇಳಿದಳು.

ಶಾಮಲಾಬಾಯಿ ಗಂಡನ ಕಡೆ ತಿರುಗಿ ಸಹಜವಾಗಿಯೇ ಹೇಳಿದರು. “ನಿಮ್ಮ ಅಮೋಲ್. ಹೋದ ಯುಗಾದಿಗೆ ಉಂಡು ಹೋಗಿದ್ನಲ್ಲ, ಅವನಽ. ಇಬ್ಬರೂ ಒಂದಽ ಕಾರಿನಾಗ ಬಂದ್ರು. ಏನೋ ಮಾತಾಡಿಕೋತ, ನಕ್ಕೋತ ಕುಂತಿದ್ರು. ಚಹಾ ಕುಡದು ಹೋದ್ರು.”

ಜಯತೀರ್ಥರು ದೇವರ ಮನೆಗೆ ಹೋಗಿ ಅಲಮಾರಿ ತೆರೆದು ನೋಡಿದರು.

ಸುಮಂಗಲಾ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಬೀದಿಯಲ್ಲಿ ಆಟೋಗಳು ಓಡಾಡುತ್ತಿದ್ದವು, ಎದುರು ಮನೆಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಉಮಾಶ್ರೀಗೆ ಏನು ಹೇಳುವುದು ಎಂದು ಯೋಚಿಸಲು ನೋಡಿದಳು, ಆಗಲಿಲ್ಲ. ಕೇಸಿನ ಡೈರಿ ತೆಗೆದು ತಾರೀಖು ಬರೆದಳು. ಅದರ ಕೆಳಗೆ ಲೆಕ್ಕ ಬರೆಯತೊಡಗಿದಳು. ಕೋರ್ಟಿಗೆ ಇನ್ನು ಹತ್ತೊಂಬತ್ತು ಗಂಟೆ ಇತ್ತು.

ಅಳಿಸಿಹೋದ ಟೇಪು ಏಳು. ಕೈತಪ್ಪಿದ ನಕಲು ಒಂದು. ಕೈಬಿಟ್ಟು ಹೋದ ಮನುಷ್ಯ ಒಬ್ಬ.